ದೊಡ್ಡಪ್ಪ ತಿದ್ದಿದ ಭೂಮಿ

ನಮ್ಮ ದೊಡ್ಡಪ್ಪನನ್ನು ಕೇಳದೆ ಭೂಮಿಯ ಮೇಲೆ ಯಾವ ರಸ್ತೆಯೂ ತಿರುಗುವ ಹಾಗಿಲ್ಲ. ತಿರುಗಿತೋ, ತಪ್ಪು ಆ ರಸ್ತೆಯದೇ! ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನಲ್ಲಿ ಮೂವತ್ತು ವರ್ಷ ಟ್ರೇಸರ್ ಆಗಿದ್ದ ಮನುಷ್ಯ. ಅಂದರೆ ಎಂಜಿನಿಯರು ಬರೆದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ. ರಿಟೈರ್ ಆದಮೇಲೆ ಎಳೆಯಲಿಕ್ಕೆ ಗೆರೆ ಸಿಗದೆ ನಮ್ಮೆಲ್ಲರ ಪ್ರಾಣ ಹಿಂಡತೊಡಗಿದ.

ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ವಧೂವರರ ಹೆಸರು ಓದುವುದಿಲ್ಲ. ಹಿಂಬದಿಯಲ್ಲಿ ಕಲ್ಯಾಣಮಂಟಪದ ದಾರಿ ಅಚ್ಚಾಗಿರುತ್ತದಲ್ಲ, ಅದನ್ನು ಕನ್ನಡಕ ಏರಿಸಿ ನೋಡುತ್ತಾನೆ. ಕಂಪ್ಲಿಯ ನೆಂಟರೊಬ್ಬರ ಪತ್ರಿಕೆಯಲ್ಲಿ ಉತ್ತರ ದಿಕ್ಕಿನ ಬಾಣವೇ ಇರಲಿಲ್ಲ. ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ‘ಸರಿಪಡಿಸಿ ಮರಳಿ ಸಲ್ಲಿಸುವುದು’ ಎಂದು ಬರೆದು ವಾಪಸು ಕಳಿಸಿಬಿಟ್ಟ! ಅವರು ಪಾಪ, ಇವರಿಗೇನೋ ಸಿಟ್ಟು ಬಂದಿದೆ ಎಂದು ಹಣ್ಣು, ಕಾಯಿ ಹಿಡಿದುಕೊಂಡು ಓಡಿಬಂದರು.

“ಸಿಟ್ಟು ಯಾಕ್ರೀ? ಬಾಣ ಒಂದು ಹಾಕಸ್ರಿ, ಸಾಕು” ಅಂದ ದೊಡ್ಡಪ್ಪ.

ಇಂಥವನ ಕೈಗೆ ಕಂಪ್ಯೂಟರಿನ ನಕ್ಷೆ ಸಿಕ್ಕಿದ್ದು ದೊಡ್ಡವ್ವನಿಂದ. ದೊಡ್ಡವ್ವನ ತವರು ಸಂಡೂರಿನ ಬೆಟ್ಟದ ಬುಡದ ಒಂದು ಸಣ್ಣ ಹಳ್ಳಿ. ಅಪ್ಪ ಅವ್ವ ತೀರಿಹೋಗಿ, ಮನೆ ಬಿದ್ದು, ಅವಳದು ಅಂತ ಅಲ್ಲಿ ಉಳಿದದ್ದು ಅವಳಪ್ಪ ತೋಡಿಸಿದ ಬಾವಿ ಒಂದೇ. ಊರಿನ ಹೆಣ್ಣುಮಕ್ಕಳಲ್ಲಿ ಆ ಬಾವಿಗೆ ಹಾರಿ ಈಜು ಕಲಿತವಳು ಇವಳೊಬ್ಬಳೇ! ಈಗ ಮಂಡಿ ಎರಡೂ ಕೈಕೊಟ್ಟು ಮಂಚ ಹಿಡಿದಿದ್ದಳು. ಸಂಡೂರಿನ ರಸ್ತೆಯೋ, ಅದಿರಿನ ಲಾರಿಗಳ ಪಾಲಾಗಿತ್ತು. ಕಂಪ್ಯೂಟರಿನಲ್ಲಿ ಭೂಮಿಯನ್ನು ಮೇಲಿಂದ ನೋಡಬಹುದಂತೆ ಎಂದು ಯಾರೋ ಹೇಳಿದ್ದೇ ತಡ, ಗಂಡನ ಬೆನ್ನು ಹತ್ತಿದಳು.

“ರೀ, ಬಾವಿ ಐತೋ ಇಲ್ಲೋ ನೋಡಿಬರ್ರಿ. ಮಣ್ಣು ಹಾಕಿ ಮುಚ್ಚಾಕತ್ತಾರ ಅಂತಾರ. ನನಗ ನಿದ್ದಿ ಬರವಲ್ದು.”

ನಾನಾಗ ಹೊಸಪೇಟೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಕಂಪ್ಯೂಟರ್ ಬಲ್ಲವಳೆಂದು ದೊಡ್ಡಪ್ಪನನ್ನು ನನ್ನ ಕೊರಳಿಗೆ ಕಟ್ಟಿದರು. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಕರೆದುಕೊಂಡು ಹೋದೆ. ಆಗಿನ ಇಂಟರ್ನೆಟ್ಟಿನ ವೇಗ ಕೇಳಬೇಡಿ. ಹಂಪಿ ಬಜಾರಿನ ಒಂದು ಬದಿಯ ಮಂಟಪಗಳು ಬಂದು, ಇನ್ನೊಂದು ಬದಿಯವು ಬರುವಷ್ಟರಲ್ಲಿ ಎರಡು ಸಲ ಚಹಾ ಆಗುತ್ತಿತ್ತು.

ಚಿತ್ರ ಪೂರ್ತಿ ಬಂದ ಕೂಡಲೇ ದೊಡ್ಡಪ್ಪ ಏನು ಮಾಡಿದ ಅಂತೀರಿ? ಚೀಲದಿಂದ ಟ್ರೇಸಿಂಗ್ ಕಾಗದ ತೆಗೆದು, ಪರದೆಗೆ ಅಂಟಿಸಿ, ಪೆನ್ಸಿಲ್ ಚೂಪು ಮಾಡಿ ಗೆರೆ ಎಳೆಯಲು ಶುರು ಮಾಡಿದ! ಕೆಫೆಯ ಮಾಲೀಕರು ಹಾರಿಬಿದ್ದರು.

“ಅಜ್ಜಾರ! ಸ್ಕ್ರೀನಿಗೆ ಗೆರಿ ಬೀಳ್ತಾವ್ರಿ!”

“ಮೂವತ್ತು ವರ್ಷದಾಗ ನನ್ನ ಕೈಲಿ ಒಂದು ಹಾಳಿ ಹರದಿಲ್ಲ. ನೀವು ಸುಮ್ನ ಕುಂದ್ರಿ.”

ಅಷ್ಟರಲ್ಲಿ ನನ್ನ ಬೆರಳು ಮೌಸಿನ ಗಾಲಿಗೆ ತಾಗಿತು. ಭೂಮಿ ಸರ್ರನೆ ಕೆಳಗಿಳಿದು, ಕಾಗದದ ಮೇಲೆ ಎಳೆದಿದ್ದ ಹೊಸಪೇಟೆ ಅರಬ್ಬೀ ಸಮುದ್ರದಲ್ಲಿ ಮುಳುಗಿತು. ಆ ದಿನ ನಾನು ತಿಂದ ಬೈಗುಳ ನನ್ನ ವೈರಿಗೂ ಬೇಡ.

ಮರುವಾರ ಇನ್ನೊಂದು ರಾದ್ಧಾಂತ. ನಕ್ಷೆಯಲ್ಲಿ ಎಮ್ಮಿಗನೂರಿನ ಹೆಸರು ಊರಿನ ಮೇಲಿರದೆ ಆಚೆಯ ಭತ್ತದ ಗದ್ದೆಯಲ್ಲಿ ಬಿದ್ದಿತ್ತು. ದೊಡ್ಡಪ್ಪ ಸುಮ್ಮನಿರುತ್ತಾನೆಯೇ? ಇನ್‌ಲ್ಯಾಂಡ್ ಲೆಟರ್ ತಂದು, ‘ಮಾನ್ಯರೇ’ ಎಂದು ಶುರುಮಾಡಿ, ಊರನ್ನು ತಕ್ಷಣ ಸ್ವಸ್ಥಾನಕ್ಕೆ ಮರಳಿಸಬೇಕೆಂದು ಬರೆದ. ವಿಳಾಸ: ಮುಖ್ಯಾಧಿಕಾರಿಗಳು, ನಕ್ಷೆ ವಿಭಾಗ, ಇಂಟರ್ನೆಟ್ ಕಚೇರಿ. ಅದನ್ನು ಅಂಚೆಗೆ ಹಾಕಿದನೇ? ಇಲ್ಲ! ಸರ್ಕಾರಿ ಪದ್ಧತಿಯಂತೆ ಕೆಫೆಯ ಮಾಲೀಕರ ಕೈಗೆ ಕೊಟ್ಟು, “ನಿಮ್ಮ ಶಿಫಾರಸು ಬರದು ಮ್ಯಾಲಿನ ಆಫೀಸಿಗೆ ಕಳಸ್ರಿ” ಅಂದ. ಆ ಪುಣ್ಯಾತ್ಮರು ನಿಜವಾಗಿಯೂ ಸಹಿ ಹಾಕಿ ಇಟ್ಟುಕೊಂಡರು.

ಇಷ್ಟೆಲ್ಲ ಆದರೂ ದೊಡ್ಡವ್ವನ ಬಾವಿ ಸಿಕ್ಕಿರಲಿಲ್ಲ. ಸರಿಯಾಗಿ ಅವಳ ಹಳ್ಳಿಯ ಮೇಲೆಯೇ ಒಂದು ಬಿಳಿ ಮೋಡ ಕೂತಿತ್ತು. ಹೋದ ವಾರವೂ ಅದೇ ಮೋಡ, ಈ ವಾರವೂ ಅದೇ ಮೋಡ.

“ಇಷ್ಟು ದಿನ ನಿಂತ ಮೋಡ ಮಳಿನರ ಸುರೀಬೇಕಲ್ಲ?”

“ದೊಡ್ಡಪ್ಪಾ, ಅದು ಯಾವಾಗೋ ತಗದ ಫೋಟೊ.”

“ಹಂಗಾರ ಮೋಡ ಇದ್ದಾಗ ಯಾಕ ತಗದ್ರು? ಸ್ವಲ್ಪ ತಡಕೋಬಾರದಿತ್ತೇನು?”

ತಿಂಗಳುಗಟ್ಟಲೆ ಹೋಗಿ ನೋಡಿದ. ಪ್ರತಿ ಸಲ ಮನೆಗೆ ಬಂದಾಗ ದೊಡ್ಡವ್ವ ಬಾಗಿಲ ಕಡೆ ಕತ್ತು ಚಾಚಿ, “ಮೋಡ ಸರೀತೇನ್ರಿ?” ಅಂತ ಕೇಳುವಳು. ನಗು ಬರುತ್ತಿತ್ತು ನನಗೆ. ಅವಳ ಮುಖ ನೋಡಿದರೆ ನಗುವ ಧೈರ್ಯವಾಗುತ್ತಿರಲಿಲ್ಲ.

ಕೊನೆಗೊಂದು ದಿನ ಹೊಸ ಫೋಟೊ ಬಂತು. ಮೋಡ ಇರಲಿಲ್ಲ. ಗುಡಿ ಕಂಡಿತು, ಮನೆಗಳ ಸಾಲು ಕಂಡಿತು. ಬಾವಿ ಇರಬೇಕಾದಲ್ಲಿ ಕೆಂಪು ಬಣ್ಣ ಚೆಲ್ಲಿದಂತಿತ್ತು. ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದ.

“ಫೋಟೊ ತಪ್ಪೈತಿ. ಸ್ಥಳಕ್ಕ ಹೋಗಿ ನೋಡದನ ನಂಬಬಾರದು” ಅಂದ.

ಮರುದಿನ ಬೆಳಿಗ್ಗೆ ನನ್ನ ಸ್ಕೂಟಿಯ ಹಿಂದೆ ಕೂತು ಸಂಡೂರಿನ ದಾರಿ ಹಿಡಿದ. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಾವು! ಆ ಧೂಳಿನಲ್ಲೂ ಬಾಯಿಗೆ ಟವೆಲ್ ಕಟ್ಟಿಕೊಂಡು, “ಇಲ್ಲಿ ತಿರುವು ನಕ್ಷಿಯಾಗ ಇಲ್ಲ, ಬರಕೋ” ಅನ್ನುತ್ತಿದ್ದ. ಸ್ಕೂಟಿ ಓಡಿಸಲೋ, ಬರೆದುಕೊಳ್ಳಲೋ? ಹಳ್ಳಿ ಮುಟ್ಟುವಷ್ಟರಲ್ಲಿ ಇಬ್ಬರೂ ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದೆವು.

ದೊಡ್ಡವ್ವ ಹೇಳಿಕೊಟ್ಟ ಲೆಕ್ಕದಂತೆ ಗುಡಿಯ ಕಟ್ಟೆಯಿಂದ ಪೂರ್ವಕ್ಕೆ ಹೆಜ್ಜೆ ಎಣಿಸುತ್ತ ಹೊರಟ. ಹೆಜ್ಜೆ ಮುಗಿಯುವ ಮೊದಲೇ ಗಣಿಯವರು ಸುರಿದ ಕೆಂಪು ಮಣ್ಣಿನ ಗುಡ್ಡೆ ಅಡ್ಡ ಬಂತು. ಅದರ ಮೇಲೂ ಹತ್ತಿ, ಎಣಿಕೆ ಮುಗಿದಲ್ಲಿ ನಿಂತ. ಮೇಕೆ ಕಾಯುತ್ತಿದ್ದ ಮುದುಕರೊಬ್ಬರು ಕೆಳಗಿನಿಂದ ಕೂಗಿದರು: “ಬಾವಿ ಹುಡುಕಾಕತ್ತೀರೇನ್ರಿ? ನಿಮ್ಮ ಕಾಲ ಬುಡಕ್ಕನ ಐತ್ರಿ. ಹ್ವಾದ ವರ್ಷನ ಮುಚ್ಚಿತು.”

ದೊಡ್ಡಪ್ಪ ವಾಪಸು ಬರುವ ದಾರಿಯುದ್ದಕ್ಕೂ ಒಂದು ತಿರುವನ್ನೂ ತಿದ್ದಲಿಲ್ಲ.

ಮನೆಯಲ್ಲಿ ದೊಡ್ಡವ್ವ ಕಾಯುತ್ತಿದ್ದಳು. “ಐತೇನ್ರಿ?”

“ಅಳತಿ ತಗೊಂಡು ಬಂದೀನಿ. ನಕ್ಷಿ ಬರದು ತೋರಸ್ತೀನಿ” ಎಂದು ಬಚ್ಚಲಿಗೆ ಹೋದವನು ಎಷ್ಟೋ ಹೊತ್ತು ಹೊರಗೆ ಬರಲಿಲ್ಲ.

ಮೂರು ದಿನ ಮೇಜು ಬಿಟ್ಟು ಏಳಲಿಲ್ಲ. ನಾಲ್ಕನೇ ದಿನ ದೊಡ್ಡ ಹಾಳೆಯನ್ನು ತಂದು ಅವಳ ಮುಂದೆ ಹಾಸಿದ. ಗುಡಿ, ಮನೆಗಳ ಸಾಲು, ಹಳ್ಳ, ಬೆಟ್ಟ. ಗುಡಿಯ ಪೂರ್ವಕ್ಕೆ ದುಂಡನೆಯ ಬಾವಿ, ಒಂದೊಂದೇ ಬಿಡಿಸಿದ ಮೆಟ್ಟಿಲು, ಒಳಗೆ ಅಂಚಿನವರೆಗೂ ನೀಲಿ ಮಸಿ. ಜನ್ಮದಲ್ಲಿ ಒಂದು ಸುಳ್ಳು ಗೆರೆ ಎಳೆಯದ ಮನುಷ್ಯ!

ದೊಡ್ಡವ್ವ ಮೆಟ್ಟಿಲ ಮೇಲೆ ಬೆರಳಿಟ್ಟಳು. “ಇಲ್ಲಿಂದನ ಜಿಗೀತಿದ್ದೆ ನೋಡವ್ವಾ. ನಮ್ಮಪ್ಪ ಇಲ್ಲಿ ನಿಂತು ಬೈತಿದ್ದ.” ಆಮೇಲೆ ಗಂಡನ ಮುಖ ನೋಡಿ ಮೆಲ್ಲಗೆ ಕೇಳಿದಳು, “ನೀರು ಐತೇನ್ರಿ?”

“ತುಂಬೈತಿ. ನಾನ ಕಣ್ಣಾರೆ ನೋಡಿಬಂದೀನಿ.”

ನಾನು ಇಬ್ಬರಿಗೂ ಬೆನ್ನು ಮಾಡಿ ಕಿಟಕಿಯ ಹತ್ತಿರ ಹೋಗಿ ನಿಂತೆ. ದೊಡ್ಡಪ್ಪ ಗದರಿದ:

“ಬೆಳಕಿಗೆ ಅಡ್ಡ ಯಾಕ ನಿಂತೀ? ಆ ಕಡೆ ಸರಿ. ಆಕಿ ಇನ್ನೂ ನೋಡಾಕತ್ತಾಳ.”