ಬೀಗರ ಜೊತೆ ಗಾಳ ಹಾಕಿದ್ದು

ಮನುಷ್ಯನಿಗೆ ಎರಡು ಕೈ, ಮೀನಿಗೆ ಒಂದು ಬಾಯಿ ಇದ್ದರೆ ಸಾಕು, ಗಾಳ ಹಾಕುವ ಕೆಲಸ ತನ್ನಷ್ಟಕ್ಕೇ ನಡೆಯುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಈ ನಂಬಿಕೆಗೆ ಯಾವ ಆಧಾರವೂ ಇರಲಿಲ್ಲ. ಪುತ್ತೂರಿನಲ್ಲಿ ನನ್ನದು ಚಪ್ಪಲಿ ಅಂಗಡಿ, ಮನೆ ಕೆದಂಬಾಡಿಯಲ್ಲಿ. ನಾನು ಕಂಡ ಅತಿ ದೊಡ್ಡ ನೀರೆಂದರೆ ಮಳೆಗಾಲದ ಕುಮಾರಧಾರೆ, ಅದೂ ಬಸ್ಸಿನ ಕಿಟಕಿಯಿಂದ. ಇನ್ನು ಮೀನನ್ನು ಕಂಡದ್ದು ಮಾರ್ಕೆಟಿನ ಕಲ್ಲಿನ ಮೇಲೆ ಮತ್ತು ಊಟದ ಬಟ್ಟಲಿನಲ್ಲಿ. ಎರಡು ಕಡೆಯೂ ಅದು ನನ್ನನ್ನು ಎದುರಿಸುವ ಸ್ಥಿತಿಯಲ್ಲಿ ಇರಲಿಲ್ಲ!

ಇಂಥ ನಾನು ಗಾಳ ಹಿಡಿಯಲು ಕಾರಣ ಮಗಳು ಶಮೀಮಾ. ಅವಳನ್ನು ಮೂಲ್ಕಿಯ ಹತ್ತಿರ, ನದಿ ಸಮುದ್ರ ಸೇರುವ ಅಳಿವೆಯ ಬದಿಯ ಮನೆಯೊಂದಕ್ಕೆ ಮದುವೆ ಮಾಡಿಕೊಟ್ಟು ನಾಲ್ಕು ತಿಂಗಳಾಗಿತ್ತು. ಅಳಿಯ ಬೆಳಿಗ್ಗೆ ಮಂಗಳೂರಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಗಲು ಮನೆಯಲ್ಲಿ ಇರುವವರು ಅವಳು ಮತ್ತು ಅವಳ ಮಾವ ಇಬ್ರಾಹಿಂ ಹಾಜಿ. ಗಲ್ಫಿನ ದಿನಸಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಬಂದು ಕೂತವರು. ಒಳ್ಳೆಯ ಮನುಷ್ಯ. ಮಾತು ಮಾತ್ರ ಇಲ್ಲ. ನಿಶ್ಚಯದ ದಿನ ನಾನು ಅವರ ಎದುರು ಕೂತು ಅರ್ಧ ಗಂಟೆ ಮಾತಾಡಿದ್ದೆ. ಅವರು "ಹೌದು" ಎಂದಿದ್ದರು. ಮದುವೆಯ ದಿನ ಇನ್ನರ್ಧ ಗಂಟೆ ಮಾತಾಡಿದೆ. "ಆಯ್ತು" ಎಂದರು.

ಒಂದು ದಿನ ಶಮೀಮಾ ಫೋನ್ ಮಾಡಿದಳು. "ಉಪ್ಪ, ಮಾಮ ನನ್ನ ಹತ್ರ ಮಾತೇ ಆಡುದಿಲ್ಲ. ನಾನು ಎಂತಾದ್ರೂ ತಪ್ಪು ಮಾಡಿದೆನಾ ಅಂತ ಗೊತ್ತಾಗುದಿಲ್ಲ."

ಸ್ವರ ಸಣ್ಣದಾಗಿತ್ತು. ನಿದ್ದೆಯಲ್ಲೂ ಮಾತಾಡುತ್ತಿದ್ದ ಹುಡುಗಿ ಅದು! ಅವತ್ತು ನಾನು ಅಂಗಡಿಯಲ್ಲಿ ಒಬ್ಬರಿಗೆ ಎರಡೂ ಎಡಗಾಲಿನ ಚಪ್ಪಲಿ ಕಟ್ಟಿಕೊಟ್ಟೆ.

ಮುಂದಿನ ವಾರವೇ ಹೋದೆ. ಹೇಗಾದರೂ ಮಾಡಿ ಹಾಜಿಯವರ ಬಾಯಿ ತೆರೆಸಬೇಕು, ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕು. ಜಗಲಿಯ ಮೂಲೆಯಲ್ಲಿ ಗಾಳದ ಕೋಲೊಂದು ಒರಗಿಸಿಟ್ಟದ್ದು ಕಂಡಿತು. ತಕ್ಷಣ ನನ್ನ ಬುದ್ಧಿ ಕೆಲಸ ಮಾಡಿತು. ಅದು ಕೆಲಸ ಮಾಡಿದಾಗಲೆಲ್ಲ ನನಗೆ ಕಷ್ಟ ಬಂದಿದೆ.

"ಓಹೋ, ಗಾಳ ಹಾಕುವ ಅಭ್ಯಾಸ ಉಂಟಾ? ನನಗೂ ಅದೇ ಹುಚ್ಚು!"

ಹಾಜಿಯವರು ಕೋಲನ್ನು ನೋಡಿದರು. ನನ್ನನ್ನು ನೋಡಿದರು. "ಹೌದಾ?"

"ಚಿಕ್ಕಂದಿನಿಂದ!" ಎಂದೆ.

ಅವರು ತುಂಬ ಹೊತ್ತು ಯೋಚಿಸಿದರು. "ಹಾಗಾದ್ರೆ ಮುಂದಿನ ಆದಿತ್ಯವಾರ ಬನ್ನಿ, ಹೋಗುವ."

ಐದು ಪದ! ನಮ್ಮ ಸಂಬಂಧದ ಇತಿಹಾಸದಲ್ಲೇ ದಾಖಲೆ. ನಾನು ಗೆದ್ದವನಂತೆ ಪುತ್ತೂರು ಬಸ್ಸು ಹತ್ತಿದೆ.

ಹೆಂಡತಿ ಜೊಹರಾಳಿಗೆ ವಿಷಯ ತಿಳಿಸಿದೆ. ಅವಳು ಸೌಟು ಕೆಳಗಿಟ್ಟಳು. "ಬಂಗುಡೆಯ ಮುಳ್ಳು ಬಿಡಿಸ್ಲಿಕ್ಕೆ ನಿಮ್ಗೆ ಈಗಲೂ ನಾನು ಬೇಕು. ನೀವು ಮೀನು ಹಿಡಿಯುದಾ?"

"ಫೋನಿನಲ್ಲಿ ವಿಡಿಯೋ ಉಂಟು. ಎಲ್ಲ ತೋರಿಸ್ತಾರೆ."

"ಈಜುದು ತೋರಿಸ್ತಾರಾ?"

ಇಂಥ ಪ್ರಶ್ನೆಗಳಿಗೆ ಉತ್ತರಿಸುವುದು ನನ್ನ ಘನತೆಗೆ ತಕ್ಕುದಲ್ಲ. ಹೊಸ ಗಾಳದ ಕೋಲು ತಂದು ತಾರಸಿಯ ಮೇಲೆ ಅಭ್ಯಾಸ ಆರಂಭಿಸಿದೆ. ವಿಡಿಯೋದಲ್ಲಿ ಹೇಳಿದಂತೆ ಕಾಲು ಅಗಲಿಸಿ, ಉಸಿರು ಬಿಗಿಹಿಡಿದು, ಕೋಲನ್ನು ಹಿಂದಕ್ಕೆ ಒಯ್ದು ಬೀಸಿದೆ. ದಾರ ಸುಂಯ್ ಎಂದು ಹಾರಿ ಕಾಂಪೌಂಡು ದಾಟಿತು. ಏನೋ ಸಿಕ್ಕಿತು! ಭಾರವಾಗಿತ್ತು! ಉತ್ಸಾಹದಿಂದ ಸುತ್ತತೊಡಗಿದೆ.

"ಹಮೀದಾಕ, ಇದೆಂತ ಮಾರಾಯ್ರೆ! ನನ್ನ ಪಂಚೆ ನಡ್ಕೊಂಡು ಹೋಗ್ತಾ ಉಂಟಲ್ಲ!"

ಪಕ್ಕದ ಮನೆಯ ಭಟ್ಟರು. ನಿವೃತ್ತ ಮೇಷ್ಟ್ರು. ನಾನು ಜೀವನದಲ್ಲಿ ಹಿಡಿದ ಮೊದಲ ಬೇಟೆ ಶುದ್ಧ ಸಸ್ಯಾಹಾರಿ! ಭಟ್ಟರು ಸಿಟ್ಟು ಮಾಡಲಿಲ್ಲ. ತಾವೇ ಕೊಕ್ಕೆ ಬಿಡಿಸಿಕೊಟ್ಟು, "ಎಳೆಯುವಾಗ ಒಮ್ಮೆ ಸಡಿಲ ಬಿಡ್ಬೇಕಂತೆ" ಎಂದರು. ಮೀನು ಮುಟ್ಟದವರಿಗೂ ನನಗಿಂತ ಹೆಚ್ಚು ಗೊತ್ತಿತ್ತು.

ಆದಿತ್ಯವಾರ ಮೊದಲ ಬಸ್ಸಿಗೆ ಹೊರಟೆ. ಕಾಲಿಗೆ ಅಂಗಡಿಯದ್ದೇ ಹೊಸ ಗಮ್‌ಬೂಟು, ಮೊಣಕಾಲಿನವರೆಗೆ. ಹಾಜಿಯವರು ಬಿಳಿ ಟೊಪ್ಪಿ ಹಾಕಿ, ಕೋಲು ಹಿಡಿದು ನದಿ ದಂಡೆಯಲ್ಲಿ ಕಾಯುತ್ತಿದ್ದರು. ಅಳಿಯನಿಗೆ ಅವತ್ತೂ ಕೆಲಸವಿತ್ತಂತೆ. ದೋಣಿ ನೆರೆಮನೆಯ ಗಿರಿಜಕ್ಕನದು. ನೀರು ಇಳಿದಾಗ ನದಿಗಿಳಿದು ಮರುವಾಯಿ ಚಿಪ್ಪು ಹೆಕ್ಕಿ ಮಾರುವ ಗಟ್ಟಿ ಹೆಂಗಸು. ಗಾಳಕ್ಕೆ ಸಿಕ್ಕಿಸಲು ಸಣ್ಣ ಸಿಗಡಿಯನ್ನೂ ಅವಳೇ ಒಂದು ಕರಟದಲ್ಲಿ ಹಾಕಿಕೊಟ್ಟಳು. ಕೊಟ್ಟವಳ ಕಣ್ಣು ನನ್ನ ಬೂಟಿನ ಮೇಲೆ ನಿಂತಿತು.

"ಇದೆಂತಕ್ಕೆ?"

"ಕಾಲು ಒದ್ದೆ ಆಗ್ಬಾರ್ದಲ್ಲ."

"ನೀವು ಹೋಗುದು ನದಿಗಲ್ವಾ?" ಎಂದಳು. ಆಮೇಲೆ ಹಾಜಿಯವರತ್ತ ತಿರುಗಿ, "ಎದುರಿನ ದಿಬ್ಬದ ಹತ್ರವೇ ಇರಿ. ದೋಣಿ ಗಟ್ಟಿ ಕಟ್ಟಿ. ಇನ್ನು ನೀರು ಏರುವ ಹೊತ್ತು" ಎಂದಳು.

ಹಾಜಿಯವರು ಬಿದಿರ ಗಳ ಊರಿದರು. ದೋಣಿ ಇದ್ದಲ್ಲೇ ಎರಡು ಸುತ್ತು ತಿರುಗಿತು. ಅಳಿವೆಯ ಪದ್ಧತಿ ಹೀಗೇ ಇರಬೇಕು ಎಂದುಕೊಂಡೆ. ಮೂರನೆಯ ಸುತ್ತಿನಲ್ಲಿ ಅದು ಹೇಗೋ ನದಿ ನಡುವಿನ ಮರಳ ದಿಬ್ಬಕ್ಕೆ ತಾಗಿತು. ನಾನು ಠೀವಿಯಿಂದ ಕೆಳಗಿಳಿದೆ. ದಿಬ್ಬದ ಅಂಚು ಕೆಸರು. ಬೂಟು ಇಳಿಯಿತು, ಇನ್ನೂ ಇಳಿಯಿತು. ಕಾಲು ಎಳೆದೆ. ಕಾಲು ಬಂತು, ಬೂಟು ಬರಲಿಲ್ಲ. ಇನ್ನೊಂದೂ ಹಾಗೆಯೇ. ಇಪ್ಪತ್ತೈದು ವರ್ಷ ಊರಿಗೆಲ್ಲ ಚಪ್ಪಲಿ ತೊಡಿಸಿದವನು ಬರಿಗಾಲಲ್ಲಿ ನಿಂತೆ!

ದೋಣಿ ಕಟ್ಟುವ ಜವಾಬ್ದಾರಿ ನನ್ನದಾಯಿತು. ದಿಬ್ಬದಲ್ಲಿ ಒಂದು ಹಳೆಯ ಗೂಟವಿತ್ತು. ಬೂಟಿನ ಲೇಸು ಕಟ್ಟುವ ಗಂಟು ನನಗೆ ಕಣ್ಣು ಮುಚ್ಚಿದರೂ ಬರುತ್ತದೆ. ಅದನ್ನೇ ಹಾಕಿದೆ. ಚಂದದ ಗಂಟು. ಒಂದು ತುದಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವುದು ಅದರ ವಿಶೇಷ!

ಇನ್ನು ಗಾಳ. ಕಾಲು ಅಗಲಿಸಿದೆ, ಉಸಿರು ಬಿಗಿಹಿಡಿದೆ, ಬೀಸಿದೆ. ಬೆಳ್ಳಗಿನದೊಂದು ವಸ್ತು ಗಾಳಿಯಲ್ಲಿ ಹಾರಿ ನೀರಿಗೆ ಬಿತ್ತು, ಕೊಕ್ಕೆಯಿಂದ ಕಳಚಿಕೊಂಡು ತೇಲುತ್ತಾ ಹೊರಟಿತು. ತಿರುಗಿ ನೋಡಿದರೆ ಹಾಜಿಯವರು ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಹೋಯ್ತು" ಎಂದರು. ಕಿಸೆಯಿಂದ ಕರ್ಚೀಫು ತೆಗೆದು ತಲೆಗೆ ಕಟ್ಟಿಕೊಂಡರು.

ಬೀಗರ ಮನಸ್ಸು ಗೆಲ್ಲಲು ಬಂದವನು ಬೀಗರ ಟೊಪ್ಪಿಯನ್ನೇ ನೀರಿಗೆ ಹಾಕಿದ್ದೆ! ಆದರೆ ದೇವರು ದೊಡ್ಡವನು. ಮೂರನೆಯ ಸಲ ಬೀಸಿದಾಗ ನಿಜವಾಗಿಯೂ ಮೀನೇ ಸಿಕ್ಕಿತು. ಎಳೆದು ಮರಳಿಗೆ ಹಾಕಿದೆ. ಅದು ನಮ್ಮಿಬ್ಬರನ್ನೂ ನೋಡಿತು, ಆಮೇಲೆ ಊದತೊಡಗಿತು. ನೋಡನೋಡುತ್ತ ಚೆಂಡಿನಷ್ಟಾಯಿತು.

"ಇದು ಯಾವ ಮೀನು ಹಾಜಿಯವರೇ?"

ಅವರು ಗಂಭೀರವಾಗಿ ಪರೀಕ್ಷಿಸಿದರು. "ಒಳ್ಳೆ ಜಾತಿಯದ್ದೇ."

"ಸಾರಿಗಾ, ಎಣ್ಣೆಯಲ್ಲಿ ಕಾಯಿಸ್ಲಿಕ್ಕಾ?"

"ಎರಡಕ್ಕೂ ಆಗ್ತದೆ."

ಸಂತೋಷದಿಂದ ಚೀಲಕ್ಕೆ ಹಾಕಿದೆ. ಹಾಕಿ ತಲೆ ಎತ್ತಿದರೆ ದೋಣಿ ಇಲ್ಲ. ಅದು ಏರುವ ನೀರಿನ ಜೊತೆ ನದಿಯ ಮೇಲ್ಗಡೆಗೆ, ಯಾರ ಹಂಗೂ ಇಲ್ಲದಂತೆ, ಹೋಗುತ್ತಾ ಇತ್ತು. ಚಂದದ ಗಂಟು ತನ್ನ ವಿಶೇಷವನ್ನು ತೋರಿಸಿತ್ತು.

ಇಬ್ಬರೂ ಕೂಗಿದೆವು. ಅಲೆಯ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳಿಸಲಿಲ್ಲ. ದಿಬ್ಬ ಚಿಕ್ಕದಾಗುತ್ತಾ ಬಂತು. ನೀರು ಪಾದ ಮುಟ್ಟಿತು.

"ಹಾಜಿಯವರೇ, ನಿಮಗೆ ಈಜು?"

"ಇಲ್ಲ. ನಿಮಗೆ?"

"ಇಲ್ಲ."

ಹಾಜಿಯವರು ಕೆಮ್ಮಿದರು. "ಹಮೀದಾಕ, ಒಂದು ವಿಷಯ ಹೇಳ್ಬೇಕು. ನಾನು ಈವರೆಗೆ ಗಾಳ ಮುಟ್ಟಿದವನೇ ಅಲ್ಲ. ಆ ಕೋಲು ಮಗನದ್ದು. ನಾನು ಮೂವತ್ತು ವರ್ಷ ನೋಡಿದ್ದು ಫ್ರೀಜರಿನ ಮೀನು. ನೀವು ಅಷ್ಟು ಆಸೆಯಿಂದ ಕೇಳಿದ್ರಿ, ಇಲ್ಲ ಅನ್ಲಿಕ್ಕೆ ಆಗ್ಲಿಲ್ಲ."

ನಾನೂ ಒಪ್ಪಿಕೊಂಡೆ. ಭಟ್ಟರ ಪಂಚೆಯ ಕತೆಯನ್ನೂ ಹೇಳಿದೆ. ಹಾಜಿಯವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಗು ನಿಂತ ಮೇಲೆ ನಾನು ಕೇಳಿಯೇಬಿಟ್ಟೆ. "ನನ್ನ ಮಗಳ ಮೇಲೆ ನಿಮಗೇನಾದ್ರೂ ಬೇಜಾರುಂಟಾ? ನೀವು ಅವಳ ಹತ್ರ ಮಾತಾಡುದಿಲ್ವಂತೆ."

ಅವರ ಮುಖ ಇಳಿಯಿತು. "ಬೇಜಾರಾ? ಎಂತ ಹೇಳ್ತೀರಿ ನೀವು! ನನ್ನವಳು ಇರುವಾಗ ಮನೆಯ ಮಾತೆಲ್ಲ ಅವಳದ್ದೇ. ನಾನು ಹೂಂಗುಟ್ಟಿದ್ರೆ ಸಾಕಿತ್ತು. ಅವಳು ಹೋಗಿ ಎರಡು ವರ್ಷ ಆಯ್ತು. ಮಾತು ಎಲ್ಲಿಂದ ಸುರು ಮಾಡುದು ಅಂತ್ಲೇ ಗೊತ್ತಾಗುದಿಲ್ಲ. ನಿಮ್ಮ ಮಗಳು ಅಡಿಗೆಮನೆಯಲ್ಲಿ ಪಾತ್ರೆಯ ಹತ್ರ ಮಾತಾಡ್ತಾಳೆ, ಬೆಕ್ಕಿನ ಹತ್ರ ಮಾತಾಡ್ತಾಳೆ. ನಾನು ಜಗಲಿಯಲ್ಲಿ ಕೂತು ಕೇಳ್ತೇನೆ. ಮನೆಗೆ ಜೀವ ಬಂದ ಹಾಗಾಗ್ತದೆ. ನಾನು ಬಾಯಿ ಹಾಕಿದ್ರೆ ಅವಳು ನಿಲ್ಲಿಸಿಬಿಟ್ರೆ ಅಂತ ಹೆದರಿಕೆ."

ನೀರು ಮೊಣಕಾಲಿಗೆ ಬಂದಿತ್ತು. ನನ್ನ ಕಣ್ಣಿಗೂ ಬಂದಿತ್ತು.

"ಇದನ್ನು ಒಮ್ಮೆ ಅವಳಿಗೆ ಹೇಳಿ ಮಾರಾಯ್ರೆ!"

"ಬದುಕಿದ್ರೆ ಹೇಳ್ತೇನೆ" ಎಂದರು ಹಾಜಿಯವರು.

ನಾವು ಒಬ್ಬರ ಕೈ ಒಬ್ಬರು ಹಿಡಿದು, ಗಾಳದ ಕೋಲನ್ನು ಊರುಗೋಲು ಮಾಡಿಕೊಂಡು ನಿಂತೆವು. ನೀರು ತೊಡೆ ಮುಟ್ಟಿದಾಗ ಹಾಜಿಯವರು ತುಟಿಯಲ್ಲೇ ದೇವರ ಹೆಸರು ಹೇಳತೊಡಗಿದರು. ನಾನೂ ಸೇರಿದೆ. ಆಗ ನದಿಯ ತಿರುವಿನಲ್ಲಿ ದೋಣಿಯ ಮೂತಿ ಕಾಣಿಸಿತು. ಅದರ ಮೇಲೆ ಸೀರೆ ಎತ್ತಿ ಕಟ್ಟಿ ಗಳ ಊರುತ್ತಿದ್ದ ಗಿರಿಜಕ್ಕ! ಅಷ್ಟು ಚಂದದ ದೃಶ್ಯವನ್ನು ನಾನು ಜೀವನದಲ್ಲಿ ನೋಡಿಲ್ಲ. ಜೊಹರಾ ಇದನ್ನು ಓದಿದರೂ ಅಡ್ಡಿಯಿಲ್ಲ.

"ನಾನು ಮೇಲೆ ದಂಡೆಯಲ್ಲಿ ಮರುವಾಯಿ ತೊಳೀತಾ ಇದ್ದೆ. ನನ್ನ ದೋಣಿ ಮಾತ್ರ ಬಂತು, ಜನ ಇಲ್ಲ! ಇಲ್ಲಿ ಬಂದು ನೋಡಿದ್ರೆ ಕೊಕ್ಕರೆಗಳ ಹಾಗೆ ನಿಂತಿದ್ದೀರಿ" ಎಂದು ಬೈಯುತ್ತಲೇ ನಮ್ಮನ್ನು ಒಬ್ಬೊಬ್ಬರಾಗಿ ತೋಳು ಹಿಡಿದು ಎಳೆದು ಹಾಕಿದಳು. "ದೋಣಿ ಕಟ್ಟಿದ್ದು ಯಾರು?"

ನಾನು ನೀರು ನೋಡಿದೆ. ಹಾಜಿಯವರು ಹೇಳಿದರು, "ಗಾಳಿ ಜೋರಿತ್ತು."

ದಂಡೆಯ ತೆಂಗಿನ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ಆ ಸುಳ್ಳಿಗೆ ನಾನು ಸಾಯುವವರೆಗೆ ಋಣಿ.

ಋಣ ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಮಾನ ಉಳಿಸಿಕೊಳ್ಳಲು ಚೀಲ ಬಿಚ್ಚಿ ಮೀನು ತೋರಿಸಿದೆ. ಗಿರಿಜಕ್ಕ ಅದನ್ನು ಕಿತ್ತುಕೊಂಡು ದೂರಕ್ಕೆ ಎಸೆದಳು.

"ದೇವರೇ! ಅದು ವಿಷದ ಮೀನು! ಅದನ್ನು ಬೇಯಿಸಿ ತಿಂದಿದ್ರೆ ಮನೆಯವರೆಲ್ಲ ಒಟ್ಟಿಗೆ ಹೋಗ್ತಿದ್ರಿ!"

ಮೀನು ನೀರಿನಲ್ಲಿ ಗಾಳಿ ಬಿಟ್ಟು ಚಿಕ್ಕದಾಗಿ ಹೊರಟುಹೋಯಿತು. ನಾನೂ ಚಿಕ್ಕದಾದೆ. ಹೋಗಲು ಮಾತ್ರ ಜಾಗವಿರಲಿಲ್ಲ.

ಮನೆಯ ಗೇಟಿನಲ್ಲಿ ಶಮೀಮಾ ನಿಂತಿದ್ದಳು. ಬರಿಗಾಲಿನ ಅಪ್ಪ, ಕರ್ಚೀಫಿನ ಮಾವ, ಇಬ್ಬರೂ ಸೊಂಟದವರೆಗೆ ಒದ್ದೆ. "ಅಲ್ಲಾಹ್! ಎಂತಾಯ್ತು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಹಾಜಿಯವರು ಗಂಟಲು ಸರಿಮಾಡಿಕೊಂಡರು.

"ಕೂತ್ಕೋ ಮಗಳೇ, ಹೇಳ್ತೇನೆ" ಎಂದರು.

ಹೇಳಿದರು! ಬೂಟಿನಿಂದ ಹಿಡಿದು ಎಲ್ಲವನ್ನೂ ಹೇಳಿದರು. ಗಿರಿಜಕ್ಕನ ಎದುರು ಮುಚ್ಚಿಟ್ಟ ಗಂಟನ್ನು ಇಲ್ಲಿ ಬಿಡಿಸಿಟ್ಟರು, ಭಟ್ಟರ ಪಂಚೆಯನ್ನೂ ಬಿಡಲಿಲ್ಲ. ಶಮೀಮಾ ನಗುತ್ತಾ "ಮತ್ತೆ, ಮಾಮ? ಮತ್ತೆ?" ಎನ್ನುತ್ತಿದ್ದಳು. ಕೊನೆಗೆ ಹಾಜಿಯವರು ಸ್ವರ ತಗ್ಗಿಸಿ ಬೆಕ್ಕಿನ ವಿಷಯ, ಜಗಲಿಯ ವಿಷಯವನ್ನೂ ಹೇಳಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಎದ್ದು ಅಡಿಗೆಮನೆಗೆ ಹೋದೆ. ಅಲ್ಲಿ ತಟ್ಟೆಯ ತುಂಬ ಕಾಣೆ ಮೀನು ಮಸಾಲೆ ಹಚ್ಚಿಕೊಂಡು ಮಲಗಿತ್ತು.

"ಇದು ಯಾವಾಗ ತಂದದ್ದು?" ಎಂದು ಕೂಗಿ ಕೇಳಿದೆ.

"ಉಮ್ಮ ನಿನ್ನೆಯೇ ಫೋನ್ ಮಾಡಿದ್ರು ಉಪ್ಪ. ನಿನ್ನ ಉಪ್ಪ ನಾಳೆ ಮೀನು ಹಿಡೀಲಿಕ್ಕೆ ಬರ್ತಾರೆ, ಮಾರ್ಕೆಟಿನಿಂದ ಮೀನು ತಂದಿಡು ಅಂತ."

ಈಗ ಹಾಜಿಯವರು ದಿನಾ ನನ್ನ ಅಂಗಡಿಗೆ ಫೋನ್ ಮಾಡುತ್ತಾರೆ. ಎರಡು ವರ್ಷ ಕೂಡಿಟ್ಟ ಮಾತು ಖರ್ಚಾಗುವುದು ಸುಲಭವಲ್ಲ. ಗಿರಾಕಿಗಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದಕ್ಕೆ ಕಾಯುತ್ತಾರೆ. ನಾನು "ಹೌದು", "ಆಯ್ತು" ಎನ್ನುತ್ತಿರುತ್ತೇನೆ. ಶಮೀಮಾ ಫೋನ್ ಮಾಡಿದರೆ, "ಉಪ್ಪ, ಈ ಮಾಮ ನನಗೆ ಮಾತಾಡ್ಲಿಕ್ಕೆ ಬಿಡುದಿಲ್ಲ" ಎಂದು ದೂರುತ್ತಾಳೆ. ಅವಳ ಸ್ವರ ಮೊದಲಿನಂತೆ ದೊಡ್ಡದಾಗಿದೆ. ಇದಕ್ಕಾಗಿ ನಾನು ಆ ನದಿಗೆ, ಆ ದೋಣಿಗೆ, ಬಿಚ್ಚಿಕೊಂಡ ಆ ಗಂಟಿಗೂ ಕೃತಜ್ಞ. ಗಿರಿಜಕ್ಕನಿಗಂತೂ ಎಷ್ಟು ಹೇಳಿದರೂ ಮುಗಿಯದು.

ಕಳೆದ ತಿಂಗಳು ಅದನ್ನೇ ಹೇಳಲೆಂದು ಅವಳ ಅಳತೆಯ ಒಂದು ಜೊತೆ ಒಳ್ಳೆಯ ಚಪ್ಪಲಿ ಕಟ್ಟಿಕೊಂಡು ನದಿ ದಂಡೆಗೆ ಹೋದೆ. ಅವಳು ದೂರದಿಂದಲೇ ನನ್ನನ್ನು ಕಂಡಳು, ಬಾಯ್ತುಂಬ ನಕ್ಕಳು, "ಬನ್ನಿ, ಬನ್ನಿ" ಎಂದಳು. ಎನ್ನುತ್ತಲೇ ಹೋಗಿ ದೋಣಿಗೆ ಇನ್ನೊಂದು ಹಗ್ಗ ಬಿಗಿದಳು.