ಚಿಕ್ಕಮ್ಮನ ಹಿಂದಿಯೂ ಚಿನ್ನದ ತಾಳಿಯೂ

ನಮ್ಮ ಚಿಕ್ಕಮ್ಮನಷ್ಟು ಚೆನ್ನಾಗಿ ಜನರನ್ನು ಮದುವೆಗೆ ಕರೆಯದೆ ಇರುವವರು ಈ ದೆಹಲಿಯಲ್ಲಿ ಇನ್ನೊಬ್ಬರು ಇರಲಾರರು. ಕರೆಯುವುದು ಯಾರಿಗೆ ಬರುವುದಿಲ್ಲ ಹೇಳಿ? ಕರೆಯದೆ ಇದ್ದು, ಎದುರಿನವರೇ "ಒಳ್ಳೆಯದಾಯಿತು ಬಿಡಿ" ಎಂದು ನೆಮ್ಮದಿಯಿಂದ ಮನೆಗೆ ಹೋಗುವಂತೆ ಮಾಡುವುದಿದೆಯಲ್ಲ, ಅದು ವಿದ್ಯೆ! ನನ್ನ ಮಗಳ ಮದುವೆಯಲ್ಲಿ ಅವರು ಆ ವಿದ್ಯೆಯನ್ನೆಲ್ಲ ಧಾರೆ ಎರೆದರು.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಮದುವೆಯಾಗಲಿಲ್ಲ. ಇಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮುನಿರ್ಕಾದಲ್ಲಿ ವಿದ್ಯಾರ್ಥಿಗಳೇ ತುಂಬಿರುವ ಕಟ್ಟಡದ ನಡುವಿನ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. "ಮೇಲಿನ ಮನೆಯಲ್ಲಿ ಗಿಟಾರು, ಕೆಳಗಿನ ಮನೆಯಲ್ಲಿ ಕ್ರಾಂತಿ, ನಡುವೆ ನಾನು" ಎನ್ನುತ್ತಾರೆ. ಅವರ ಹಿಂದಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕನ್ನಡದ ವಾಕ್ಯದ ಕೊನೆಗೆ ಒಂದು 'ಹೈ' ಹಚ್ಚಿದರೆ ಹಿಂದಿ ಆಯಿತೆಂಬುದು ಅವರ ನಂಬಿಕೆ. ಮಹಾಪ್ರಾಣಗಳಿಗಾಗಿ ಅವರು ಪ್ರಾಣ ಖರ್ಚು ಮಾಡುವವರಲ್ಲ. 'ಥ' ಎನ್ನಬೇಕಾದಲ್ಲೆಲ್ಲ 'ತ', 'ಖ' ಎನ್ನಬೇಕಾದಲ್ಲೆಲ್ಲ 'ಕ'. ಕೇಳುವವರು ತಾವೇ ತಿದ್ದಿಕೊಂಡು ಅರ್ಥ ಮಾಡಿಕೊಳ್ಳಬೇಕು. ಮೂವತ್ತು ವರ್ಷ ಈ ಊರು ತಿದ್ದಿಕೊಂಡೇ ಬಂದಿತ್ತು.

ಮಗಳು ಗುಡಗಾಂವದ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗನನ್ನು ಒಪ್ಪಿಕೊಂಡಳು. ಗಢವಾಲದ ಕಡೆಯವರು, ಲಕ್ಷ್ಮೀ ನಗರದಲ್ಲಿ ಮನೆ, ತಂದೆ ನಿವೃತ್ತ ಮೇಷ್ಟರು. ಸಭ್ಯ ಜನ. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಮಗಳು ಹೇಳಿದಳು, "ಅಮ್ಮ, ಶಾದಿ ಚಿಕ್ಕದಾಗಿ ಇರಲಿ. ನಲವತ್ತು ಜನ. ಎಲ್ಲಾ ನಮ್ಮ ಕೈಯಾರೆ. ಟೆನ್ಶನ್ ನಹೀ ಚಾಹಿಯೇ." ಪೀತಮ್‌ಪುರದಲ್ಲಿ ನಲವತ್ತು ಜನರ ಮದುವೆ! ನಮ್ಮ ಬೀದಿಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೂ ಇನ್ನೂರು ಕುರ್ಚಿ ಬೀಳುತ್ತವೆ. ನಮ್ಮ ಪಟ್ಟಿಯಲ್ಲೇ ಮುನ್ನೂರು ಹೆಸರಿದ್ದವು. ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಚಿಕ್ಕಮ್ಮ ಮಾತ್ರ ಕನ್ನಡಕ ಒರೆಸಿಕೊಂಡು, ಈ ಮದುವೆಯ ಹೊಣೆ ತಮ್ಮದು ಎಂದರು.

ಮರುದಿನದಿಂದ ನಮ್ಮ ಮನೆಯಲ್ಲಿ ಪರೀಕ್ಷೆಗಳು ಶುರುವಾದವು. ಮದುವೆಗೆ ಬರುವವರು ಉಡುಗೊರೆಯ ಲಕೋಟೆ ತರುವಂತಿಲ್ಲ, ಕೈಯಿಂದ ಒಂದು ಕೆಲಸ ಮಾಡಿಕೊಡಬೇಕು ಎಂಬುದು ಚಿಕ್ಕಮ್ಮನ ನಿಯಮ. ಪಕ್ಕದ ಮನೆಯ ಪಂಜಾಬಿ ಅಮ್ಮನಿಗೆ ಗಾಜರ್ ಹಲ್ವಾ ಸಿಕ್ಕಿತು. ಕೆಳಮನೆಯ ನಿವೃತ್ತ ಕ್ಯಾಪ್ಟನ್ನರು, ನಮ್ಮ ಕೊಡಗಿನವರು, ಬ್ಯಾಂಡಿನ ಬದಲು ಮೌತ್ ಆರ್ಗನ್ ನುಡಿಸಲು ಒಪ್ಪಿದರು. ನಮ್ಮವರ ಪಾಲಿಗೆ ಮಾವಿನೆಲೆಯ ತೋರಣ. ಅವರು ವಾರಗಟ್ಟಲೆ ಬೇವಿನೆಲೆಯಲ್ಲಿ ಅಭ್ಯಾಸ ಮಾಡಿದ್ದರಿಂದ ಮನೆ ಮುಂದೆ ಹೋಗುವವರೆಲ್ಲ ಒಳಗೆ ಯಾರಿಗೆ ಸಿಡುಬು ಎಂದು ಕೇಳತೊಡಗಿದರು. ಕೆಲಸ ಕೇಳಿಯೇ ಹಿಂದೆ ಸರಿದವರು ಬಹಳ. ದೂರದ ನೆಂಟರೊಬ್ಬರಿಗೆ ನಲವತ್ತು ಬಾಳೆಎಲೆ ಒರೆಸುವ ಕೆಲಸ ಕೊಟ್ಟಾಗ, ಅವರಿಗೆ ಅದೇ ದಿನ ಬೇರೆ ಮದುವೆ ಇರುವುದು ನೆನಪಾಯಿತು.

ಟೆಂಟಿನ ಭಯ್ಯಾನೂ ಬಂದ. ನಲವತ್ತು ಕುರ್ಚಿ ಸಾಕು ಎಂದಾಗ ಅವನು ಬಹಳ ಮರುಕದಿಂದ ಚಿಕ್ಕಮ್ಮನನ್ನು ನೋಡಿ, "ಮಾತಾಜೀ, ಇಷ್ಟು ಜನ ನಮ್ಮಲ್ಲಿ ಗಾಡಿ ನಿಲ್ಲಿಸಲಿಕ್ಕೇ ಇರ್ತಾರೆ" ಎಂದ. ಚಿಕ್ಕಮ್ಮ ಅವನಿಗೆ ಚಹಾ ಕೊಟ್ಟು, ನಲವತ್ತು ಕುರ್ಚಿಯನ್ನು ಮೂವತ್ತೆಂಟು ಮಾಡಿ ಕಳಿಸಿದರು. ಉಳಿದ ಇಬ್ಬರು ನಿಂತೇ ಇರಲಿ, ಮದುವೆಯಲ್ಲಿ ಓಡಾಡುವವರೂ ಬೇಕಲ್ಲ ಎಂದು.

ಇಷ್ಟರವರೆಗೆ ಎಲ್ಲ ಸುಸೂತ್ರ. ಬೀಗಿತ್ತಿಗೆ ಶಾಸ್ತ್ರಗಳನ್ನು ವಿವರಿಸಲು ಚಿಕ್ಕಮ್ಮ ಫೋನ್ ಎತ್ತಿಕೊಂಡದ್ದೇ ತಪ್ಪಾಯಿತು. ನಮ್ಮಲ್ಲಿ ತಾಳಿಯ ಬೊಟ್ಟು ಎರಡು. ಒಂದು ತವರಿನದು, ಇನ್ನೊಂದು ಗಂಡಿನ ಮನೆಯದು. ಅದನ್ನು ಹೇಳಬೇಕಿತ್ತು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ.

"ತಾಳಿ ಏಕ್ ಹಮ್ ದೇಗಾ, ಏಕ್ ಆಪ್ ದೇನಾ ಹೈ. ಸೋನಾ ಕಾ."

ಆ ಕಡೆಯಿಂದ ಏನೋ ಮೆಲ್ಲಗೆ ಕೇಳಿದರು. ಬೆಳ್ಳಿಯದಾದರೆ ಆಗದೇ ಎಂದಿರಬೇಕು.

"ಚಾಂದೀ ನಹೀ. ಸೋನಾ ಕಾ ತಾಳಿ ನಹೀ ತೋ ಶಾದೀ ನಹೀ."

ಫೋನ್ ಇಟ್ಟು, ಎಲ್ಲ ಸ್ಪಷ್ಟವಾಗಿ ಹೇಳಿದ್ದೇನೆ ಎಂದರು. ಹೌದು, ಬಹಳ ಸ್ಪಷ್ಟವಾಗಿತ್ತು.

ಅಂದಿನಿಂದ ಬೀಗಿತ್ತಿಯ ಫೋನ್ ನಿಂತುಹೋಯಿತು. ನಾವು ಮಾಡಿದರೆ ಯಾರೋ ಎತ್ತಿ, ಅವರು ಮಲಗಿದ್ದಾರೆ ಎನ್ನುವರು. ಸ್ನಾನಕ್ಕೆ ಹೋಗಿದ್ದಾರೆ ಎನ್ನುವರು. ಮಗಳನ್ನು ಕೇಳಿದರೆ ಹುಡುಗನಿಗೂ ಏನೂ ಗೊತ್ತಿಲ್ಲ. ಅವನ ತಾಯಿ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಮದುವೆಗೆ ಎರಡೇ ವಾರ. ಬೀಗಿತ್ತಿಗೆ ನಾವು ಬೇಡವಾದೆವೋ, ನಮ್ಮ ನಲವತ್ತು ಜನರ ಮದುವೆ ಅವಮಾನವೆನಿಸಿತೋ ಎಂದು ನಾನು ದೇವರ ಮುಂದೆ ಕುಳಿತು ಯೋಚಿಸಿದ್ದೇ ಯೋಚಿಸಿದ್ದು. ದೊಡ್ಡದನ್ನು ಕೇಳಿ ನನಗೆ ಅಭ್ಯಾಸವಿಲ್ಲ. ಇದೊಂದು ನಿಲ್ಲದಿರಲಿ ಎಂದಷ್ಟೇ ಕೇಳಿಕೊಂಡೆ.

ಆ ಫೋನಾದ ಹನ್ನೊಂದನೆಯ ದಿನ ಬೀಗಿತ್ತಿ ಒಬ್ಬರೇ ಮೆಟ್ರೋ ಹಿಡಿದು ಮನೆಗೆ ಬಂದರು. ಚಿಕ್ಕಮ್ಮನೂ ಅಲ್ಲೇ ಇದ್ದರು. ನೀರು ಕೊಟ್ಟರೆ ಕುಡಿಯಲಿಲ್ಲ. ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಬೆಳ್ಳಿಯ ಊಟದ ತಟ್ಟೆ. ಹಳೆಯದು, ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದರು.

"ಬೆಹೆನ್‌ಜೀ, ಸೋನೇ ಕೀ ಥಾಲೀ ಹಮ್ ಸೇ ನಹೀಂ ಹೋಗೀ" ಎಂದರು. ಚಿನ್ನದ ತಟ್ಟೆ ತಮ್ಮ ಶಕ್ತಿಗೆ ಮೀರಿದ್ದು. ಇದು ತಮ್ಮ ತವರಿನಲ್ಲಿ ಕೊಟ್ಟದ್ದು, ಇದರಲ್ಲೇ ಒಪ್ಪಿಕೊಳ್ಳಬೇಕು. ಮಗನಿಗೆ ಗೊತ್ತಾದರೆ ಮದುವೆಯೇ ಬೇಡವೆಂದಾನು ಎಂದು ಹೇಳದೆ ಬಂದಿದ್ದಾರೆ. ಇಷ್ಟು ಹೇಳಿ ತಲೆ ತಗ್ಗಿಸಿದರು.

ಥಾಲಿ! ಚಿಕ್ಕಮ್ಮನ 'ತ'ವನ್ನು ಎಂದಿನಂತೆ ತಿದ್ದಿಕೊಂಡು 'ಥ' ಮಾಡಿದ್ದರು ಆ ಪುಣ್ಯಾತ್ಮೆ! ಊಟದ ತಟ್ಟೆ, ಅದೂ ಚಿನ್ನದ್ದು! ಚಿನ್ನದ ತಟ್ಟೆ ಕೊಡದಿದ್ದರೆ ಮದುವೆಯೇ ಇಲ್ಲ ಎನ್ನುವ ಹೆಣ್ಣಿನ ಕಡೆಯವರನ್ನು ಅವರು ಈ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ನಾನು ಗಡಬಡಿಸಿ ಸೆರಗಿನ ಒಳಗಿಂದ ನನ್ನ ತಾಳಿಯನ್ನು ಹೊರಗೆಳೆದು ತೋರಿಸಿದೆ. ಬೀಗಿತ್ತಿ ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡು, ಆ ನೀರನ್ನು ಎತ್ತಿ ಗಟಗಟ ಕುಡಿದರು. ದೇವರು ದೊಡ್ಡವನು.

ಚಿಕ್ಕಮ್ಮ ನಗಲಿಲ್ಲ.

"ನಾನು ಕೇಳಿದೆನೇನೇ?" ಎಂದರು ನನಗೆ, ಬಹಳ ಸಣ್ಣ ದನಿಯಲ್ಲಿ. "ಚಿನ್ನ ಇಲ್ಲದಿದ್ದರೆ ಮದುವೆ ಇಲ್ಲ ಅಂತ. ನಾನು?"

ಇಲ್ಲಿ ಒಂದು ವಿಷಯ ಹೇಳಬೇಕು. ಚಿಕ್ಕಮ್ಮನ ಮದುವೆ ಒಮ್ಮೆ ನಿಶ್ಚಯವಾಗಿತ್ತು, ನನ್ನ ತಾಯಿ ಹೇಳಿದ್ದು. ಎಲ್ಲ ತಯಾರಿ ಆದ ಮೇಲೆ ಗಂಡಿನವರು ಇನ್ನೂ ಮುನ್ನೂರು ಜನಕ್ಕೆ ಊಟ, ಬ್ಯಾಂಡು, ಮೆರವಣಿಗೆ ಬೇಕೆಂದರು. ಅಜ್ಜ ಕೈ ಮುಗಿದರು. ಅವರು ಇಲ್ಲದಿದ್ದರೆ ಮದುವೆ ಇಲ್ಲ ಎಂದರು. ಮದುವೆ ನಿಂತಿತು. ಚಿಕ್ಕಮ್ಮ ಆ ವರ್ಷವೇ ದೆಹಲಿಯ ರೈಲು ಹತ್ತಿದರು. ಅದರ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವರಲ್ಲ. ನಾನಾದರೂ ಹೇಗೆ ಕೇಳಲಿ?

ಬೀಗಿತ್ತಿಗೆ ಇದೇನೂ ತಿಳಿಯದು. ಅವರಿಗೆ ಈಗ ಉತ್ಸಾಹ ಬಂದಿತ್ತು. ಬೊಟ್ಟು ಮಾಡಿಸಲು ಅಕ್ಕಸಾಲಿಗೆ ತೋರಿಸಬೇಕಲ್ಲ, ಇಲ್ಲಿಯವರಿಗೆ ಇಂಥದ್ದು ಗೊತ್ತಿಲ್ಲ, ಮಾದರಿ ಕೊಡಿ ಎಂದರು. ನನ್ನದನ್ನು ಕೊರಳಿನಿಂದ ತೆಗೆಯುವಂತಿಲ್ಲ. ಚಿಕ್ಕಮ್ಮ ಮೊದಲು ಕಾಗದದ ಮೇಲೆ ಒಂದು ವೃತ್ತ ಬರೆದರು, ವ್ಯಾಸವನ್ನೂ ನಮೂದಿಸಿದರು. ಬೀಗಿತ್ತಿ ಆ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಆಗ ಚಿಕ್ಕಮ್ಮ ತಮ್ಮ ಕೈಚೀಲ ತೆರೆದು, ಬಸ್ ಪಾಸಿನ ಕೆಳಗಿಂದ ಪುಟ್ಟ ಕುಂಕುಮದ ಡಬ್ಬಿಯೊಂದನ್ನು ತೆಗೆದರು. ಒಳಗೆ ಹತ್ತಿಯಲ್ಲಿ ಎರಡು ಬೊಟ್ಟುಗಳು. ಎರಡನ್ನೂ ಅಂದು ಅಜ್ಜನೇ ಮಾಡಿಸಿದ್ದರಂತೆ.

"ಮುನಿರ್ಕಾದ ಬೀಗಗಳನ್ನು ನಂಬುವ ಹಾಗಿಲ್ಲ" ಎಂದು ನನಗೆ ಸಮಜಾಯಿಷಿ ಕೊಟ್ಟು, ಬೀಗಿತ್ತಿಯ ಕಡೆ ಚಾಚಿದರು. "ಸ್ಯಾಂಪಲ್ ಹೈ."

"ಕಿಸ್ ಕೀ ಹೈ?" ಯಾರದೆಂದು ಬೀಗಿತ್ತಿ ಕೇಳಿದರು.

"ಮೇರಾ."

ಬೀಗಿತ್ತಿ ಅವರ ಬರಿ ಕೊರಳನ್ನು ನೋಡಿದರು. ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಸಂಜೆ ಕಚೇರಿಯಿಂದ ಬಂದ ಮಗಳು ಎಲ್ಲ ಕೇಳಿ, ತವರಿನ ಬೊಟ್ಟು ಆ ಎರಡರಲ್ಲಿ ಒಂದೇ ಆಗಬೇಕು ಎಂದು ಹಟ ಹಿಡಿದಳು. ನಿಂತ ಮದುವೆಯದು, ಬೇಡ ಎಂದು ಚಿಕ್ಕಮ್ಮ. "ಚಿಕ್ಕಜ್ಜಿ, ನಂಗೆ ಅದೇ ಬೇಕು, ಬಸ್" ಎಂದು ಮಗಳು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಶಕುನ ನೋಡುವವಳು, ಸುಳ್ಳೇಕೆ ಹೇಳಲಿ. ದೇವರ ಮನೆಗೆ ಹೋಗಿ ಕುಳಿತೆ. ಯಾರನ್ನೂ ಶಪಿಸದೆ ಇಷ್ಟು ವರ್ಷ ಹತ್ತಿಯಲ್ಲಿ ಸುತ್ತಿ ಇಟ್ಟದ್ದರಲ್ಲಿ ಅಶುಭ ಎಲ್ಲಿಂದ ಬರಬೇಕು ಎನಿಸಿತು. ಎದ್ದು ಬಂದು, ಆಗಲಿ ಎಂದೆ. ಬೀಗಿತ್ತಿ ಅದರ ಜೋಡಿಯಂತೆಯೇ ತಮ್ಮದನ್ನು ಮಾಡಿಸಿದರು.

ಮದುವೆ ನಮ್ಮ ಕಟ್ಟಡದ ತಾರಸಿಯಲ್ಲಿ, ಫೆಬ್ರವರಿಯ ಬೆಳಗಿನ ಬಿಸಿಲಿನಲ್ಲಿ ನಡೆಯಿತು. ಬೆಳಗ್ಗೆ ಒಂಬತ್ತಕ್ಕೆ ಮುಹೂರ್ತ ಎಂದರೆ, ರಾತ್ರಿಯ ಮದುವೆಗೆ ಒಗ್ಗಿದ ಗಂಡಿನ ಕಡೆಯವರಿಗೆ ಅದು ಮದುವೆಯೋ ರಕ್ತಪರೀಕ್ಷೆಯೋ ಎಂಬ ಅನುಮಾನ. ಆದರೂ ಎಲ್ಲರೂ ಬಂದರು. ಕ್ಯಾಪ್ಟನ್ನರ ಮೌತ್ ಆರ್ಗನ್ನಿನಲ್ಲಿ ಎಲ್ಲ ಹಾಡೂ ಕವಾಯತಿನಂತೆ ಕೇಳಿಸಿತು. ಅದಕ್ಕೆ ಸರಿಯಾಗಿ ಹುಡುಗ ಮಂಟಪಕ್ಕೆ ಹೆಜ್ಜೆ ಹಾಕಿದ.

ಕಟ್ಟುವ ಮೊದಲು, ತೆಂಗಿನಕಾಯಿಯ ಮೇಲೆ ತಾಳಿ ಇಟ್ಟು ಎಲ್ಲರ ಬಳಿಗೂ ಒಯ್ಯುತ್ತಾರೆ. ಹಿರಿಯರು ಮುಟ್ಟಿ ಹರಸಬೇಕು. ಬೀಗಿತ್ತಿ ತಾವೇ ಹಿಡಿದು ಹೊರಟರು. ಸಾಲು ಸಾಲಾಗಿ ಎಲ್ಲರೂ ಮುಟ್ಟಿದರು. ಚಿಕ್ಕಮ್ಮ ಮೆಟ್ಟಿಲ ಬಾಗಿಲ ಬಳಿ, ಬಾಳೆಎಲೆಗಳನ್ನು ಎಣಿಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಬೀಗಿತ್ತಿ ಕೊನೆಗೆ ಅಲ್ಲಿಗೆ ಹೋಗಿ ಅವರ ಎದುರು ನಿಂತರು.

ಚಿಕ್ಕಮ್ಮ ನನ್ನನ್ನು ನೋಡಿದರು. ಎರಡು ತಿಂಗಳು ನಮ್ಮೆಲ್ಲರನ್ನೂ ಕುಣಿಸಿದ ಹೆಂಗಸು. ಯಾರನ್ನೂ ಒಂದು ಮಾತು ಕೇಳದೆ ಮುನ್ನೂರು ಜನರನ್ನು ನಲವತ್ತಕ್ಕೆ ಇಳಿಸಿದವರು.

"ನಾನು ಮುಟ್ಟಬಹುದೇನೇ?" ಎಂದರು.

ಬೀಗಿತ್ತಿಗೆ ಕನ್ನಡ ಬಾರದು. ಆದರೆ ಅವರು ಅಲ್ಲಿಂದ ಕದಲಲೂ ಇಲ್ಲ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು, ಒಂದು ಬೆರಳಿನ ತುದಿಯನ್ನು ತಾಳಿಯ ಮೇಲಿಟ್ಟರು. ಅಷ್ಟೊಂದು ಕೈಗಳನ್ನು ದಾಟಿ ಬಂದಿತ್ತಲ್ಲ.

"ಬೆಚ್ಚಗಿದೆ ಕಣೇ" ಎಂದರು.