ಮೀಸೆ ಕಾಣುವ ಫರಸಿಯನ್ನು ಕೊಳ್ಳದವರಿಗೆ

ಶಹಾಬಾದ
ದೀಪಾವಳಿಯ ಮರುವಾರ, ಫಸಲಿ ೧೩೪೭

ಮಾನ್ಯ ಗಿರಾಕಿ ಮಹಾಶಯರೇ, ತಾಯಂದಿರೇ,

ನನ್ನ ಅಂಗಡಿಯ ಮುಂದಿನಿಂದಲೇ ಬಂಡಿ ಹೊಡೆದುಕೊಂಡು ಅಮೀರ್ಬೀ ಅವರ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿಗೆ ಹೋಗುತ್ತಿರುವ ತಮ್ಮೆಲ್ಲರಿಗೂ, ತಮ್ಮ ಎತ್ತುಗಳಿಗೂ ಶರಣು ಶರಣಾರ್ಥಿ. ತಾವು ಇತ್ತ ತಿರುಗಿಯೂ ನೋಡುವುದಿಲ್ಲವಾದ್ದರಿಂದ ಈ ಪತ್ರವನ್ನು ಎತ್ತುಗಳು ನೀರು ಕುಡಿಯುವ ಬಾನಿಯ ಮೇಲಿನ ಗೋಡೆಗೆ ಅಂಟಿಸುತ್ತಿದ್ದೇನೆ. ಅವು ಕುಡಿದು ಮುಗಿಸುವಷ್ಟರಲ್ಲಿ ಓದಿಬಿಡಬಹುದು.

ಮಾಲು ಚೆನ್ನಾಗಿದ್ದರೆ ಗಿರಾಕಿ ತಾನಾಗಿ ಬರುತ್ತಾನೆ ಎಂದು ನಂಬಿದ ಮನುಷ್ಯ ನಾನು. ನಮ್ಮಪ್ಪ ಒರಟು ಫರಸಿ ಮಾರಿ ಈ ಅಂಗಡಿ ಕಟ್ಟಿದರು. ನಾನೋ ಹೈದರಾಬಾದಿನಲ್ಲಿ ಒಬ್ಬ ನವಾಬರ ದಿವಾನಖಾನೆಯ ನೆಲದಲ್ಲಿ ನನ್ನ ಮೀಸೆಯನ್ನು ಕಂಡು ಬಂದವನು, ಅಂದಿನಿಂದ ಪ್ರತಿ ಕಲ್ಲನ್ನೂ ಮರಳು ನೀರು ಹಾಕಿ ಮೀಸೆ ಕಾಣುವ ತನಕ ತಿಕ್ಕಿಸತೊಡಗಿದೆ. ನನ್ನ ಮನೆಯವಳಾದ ನೀಲಾಬಾಯಿ, ‘ಇದು ಬಚ್ಚಲಿಗಿ ಹೋಗೂ ಕಲ್ಲರಿ, ಕಾಲು ನಿಂದರಬೇಕಲ್ರಿ’ ಎಂದಾಗ, ಬಚ್ಚಲಿಗೆ ಹೋಗುವಾಗ ಯಾರೂ ಮೀಸೆಯನ್ನು ಹೊರಗಿಟ್ಟು ಹೋಗುವುದಿಲ್ಲವೆಂದು ತಿಳಿಹೇಳಿದೆ.

ತಾವು ಮೊದಮೊದಲು ಕೊಂಡಿರಿ, ಅದು ತಮ್ಮ ದೊಡ್ಡ ಮನಸ್ಸು. ಆದರೆ ದೀಪಾವಳಿಯ ಎಣ್ಣೆನೀರಿಗೆ ನಿಂತವರೆಲ್ಲ ಕುಂತರು. ನಮ್ಮ ಸೀಮೆಯ ಮುಧೋಳದ ಹಣಮಂತರಾಯರು ಸೀಗೆಪುಡಿ ಸಮೇತ ಬಚ್ಚಲಿನಿಂದ ಅಂಗಳದ ತನಕ ಬಂದರೆಂಬ ಸುದ್ದಿ ಸೇಡಂ ದಾಟಿ ಚಿಂಚೋಳಿ ಮುಟ್ಟಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲ ಡೊಂಕಿಲ್ಲವೆಂದು ರಾಯರೇ ಒಪ್ಪಬೇಕು, ಅಷ್ಟು ದೂರ ನೆಟ್ಟಗೆ ಜಾರಿದ್ದಾರೆ.

ಅತ್ತ ಅಮೀರ್ಬೀ ಅವರದು ಎಂಥ ವ್ಯಾಪಾರವೋ ಕಾಣೆ. ಗಿರಾಕಿ ಬಂಡಿ ಇಳಿಯುವ ಮೊದಲೇ ಚಹಾ ಕೊಟ್ಟು, ಕಲ್ಲು ಎಲ್ಲಿ ಹಾಸುತ್ತೀರಿ, ನೀರು ಎತ್ತ ಹರಿಯುತ್ತದೆ, ಮನೆಯಲ್ಲಿ ಮುದುಕರಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಗಿರಾಕಿಗೆ ಏನು ಬೇಕೆಂದು ಗಿರಾಕಿಯನ್ನೇ ಕೇಳುವುದು ವ್ಯಾಪಾರಸ್ಥರಿಗೆ ಶೋಭೆಯೇ? ನಾನಾದರೆ ತಮಗೇನು ಬೇಕೆಂದು ತಮಗಿಂತ ಮೊದಲೇ ತಿಳಿದು ಗಾದಿಯ ಮೇಲೆ ಕುಳಿತಿದ್ದೆ. ಈಗ ಅವರ ಮುಂದೆ ಬಂಡಿ ನಿಲ್ಲಿಸಲು ಜಾಗವಿಲ್ಲ, ನನ್ನ ಮುಂದೆ ಭಾಳ ಜಾಗವಿದೆ. ಸಾಲಾಗಿ ನಿಲ್ಲಿಸಿದ ಫರಸಿಯಲ್ಲೆಲ್ಲ ನನ್ನ ಮೀಸೆಯೊಂದೇ ಕಾಣುತ್ತದೆ, ಅದೂ ಇತ್ತೀಚೆಗೆ ಕೆಳಗಿಳಿದಿದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ತಾವು ಬಚ್ಚಲಲ್ಲಿ ನೀರು ಬಳಸುವುದನ್ನು ಬಿಡಬೇಕು. ಅದಾಗದಿದ್ದರೆ ಎಣ್ಣೆಯನ್ನಾದರೂ ಬಿಡಬೇಕು. ಎರಡೂ ಆಗದಿದ್ದರೆ ಸಂಸಾರಸಮೇತ ಅಂಬೆಗಾಲಿಟ್ಟು ಸ್ನಾನಕ್ಕೆ ಹೋಗುವ ರೂಢಿ ಮಾಡಿಕೊಳ್ಳಬೇಕು. ಯುಗಾದಿಯೊಳಗೆ ತಾವು ಇಷ್ಟು ಸುಧಾರಿಸದೆ ಹೋದರೆ ಅಪ್ಪ ಕಟ್ಟಿದ ಅಂಗಡಿಗೆ ನನ್ನ ಕೈಯಾರೆ ಬೀಗ ಹಾಕಬೇಕಾಗುತ್ತದೆ. ಇದನ್ನು ಬರೆಯುವಾಗ ನನಗೆ ನಗು ಬರಲಿಲ್ಲ.

ಗೋಡೆ ಹಿಡಿದು ಸ್ನಾನ ಮಾಡಿಯೂ ಹೊಳಪು ಬಿಡದ
ತಮ್ಮ ವಿಶ್ವಾಸಿ,
ನಾಗೇಂದ್ರಪ್ಪ

ತಾ.ಕ.: ಈ ಪತ್ರ ಅಂಟಿಸುವ ಮೊದಲೇ ಅಮೀರ್ಬೀ ಅವರ ಬಂಡಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ನಮ್ಮ ಬಚ್ಚಲಿಗೆ ಒರಟು ಫರಸಿ ತರಲು ಹೇಳಿದವಳು ನೀಲಾಬಾಯಿ. ಮನೆಯಲ್ಲಿ ಮುದುಕರಿದ್ದಾರೆಯೇ ಎಂದು ಕೇಳಿದ್ದಕ್ಕೆ ಒಬ್ಬರಿದ್ದಾರೆ ಎಂದಳಂತೆ, ಮನೆಯಲ್ಲಿರುವುದು ನಾವಿಬ್ಬರೇ. ಇಂದು ಮುಂಜಾನೆ ಆ ಕಲ್ಲಿನ ಮೇಲೆ ಗೋಡೆ ಹಿಡಿಯದೆ ನಿಂತು ಸ್ನಾನ ಮಾಡಿದೆ. ಆದಕಾರಣ ಮೇಲೆ ‘ಗಿರಾಕಿ ಮಹಾಶಯರೇ’ ಎಂದು ಬರುವಲ್ಲಿ ನನ್ನನ್ನೂ ಸೇರಿಸಿ ಓದಿಕೊಳ್ಳಬೇಕು.